ಯಲಹಂಕದ ನಾಡಪ್ರಭು

ಹಿರಿಯ ಕೆಂಪೇಗೌಡರು ಹದಿನಾರನೆಯ ಶತಮಾನದಲ್ಲಿ ಯಲಹಂಕ ನಾಡನ್ನು ಆಳಿ, ಬೆಂಗಳೂರು ಪೇಟೆಯನ್ನು ಕಟ್ಟಿದವರು. ಅವರು ಸಿಂಹಾಸನವೇರಿದ ಅರಸರಲ್ಲ. ವಿಜಯನಗರಕ್ಕೆ ಕಪ್ಪ ಸಲ್ಲಿಸುತ್ತಿದ್ದ ಒಬ್ಬ ನಾಡಪ್ರಭು. ತಮ್ಮ ನಾಡಿನ ಹಳ್ಳಿಗಳಿಂದ ಕಂದಾಯ ಎತ್ತುವುದು, ಕೆರೆಕಟ್ಟೆಗಳನ್ನು ನೋಡಿಕೊಳ್ಳುವುದು, ಊರೂರಿನ ವ್ಯಾಜ್ಯ ತೀರಿಸುವುದು, ರಾಯರಿಂದ ಕರೆ ಬಂದಾಗ ಕಾಲಾಳು ಕುದುರೆಗಳನ್ನು ಕಳಿಸುವುದು ನಾಡಪ್ರಭುವಿನ ಹೊಣೆ. ಇಂಥ ನಾಡಪ್ರಭುಗಳೂ ಪಾಳೆಯಗಾರರೂ ಆಗ ಕನ್ನಡ ನೆಲದಲ್ಲಿ ಹಲವರಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಅವರ ಊರಿನ ಹಾಳುಕೋಟೆಯ ಗೋಡೆಯಾಚೆ ಕೇಳಿಸುವುದಿಲ್ಲ. ಯಲಹಂಕದ ಒಬ್ಬ ಗೌಡರ ಹೆಸರು ಮಾತ್ರ ನಾಲ್ಕೂಮುಕ್ಕಾಲು ಶತಮಾನ ದಾಟಿ ಬಸ್ ನಿಲ್ದಾಣಕ್ಕೆ, ಮೆಟ್ರೊ ನಿಲ್ದಾಣಕ್ಕೆ, ವಿಮಾನ ನಿಲ್ದಾಣಕ್ಕೆ ಬಂದು ನಿಂತಿದೆ. ಅವರು ಕಟ್ಟಿಸಿದ ಮಣ್ಣಿನ ಕೋಟೆ ಉಳಿದಿಲ್ಲ. ಅದರೊಳಗೆ ಅವರು ನೆಲೆಗೊಳಿಸಿದ ಕಸುಬುಗಳೂ ಅವರ ಮನೆತನ ಕಟ್ಟಿಸಿದ ಕೆರೆಗಳೂ ಬಹುಕಾಲ ಬಾಳಿದವು. ಅವರ ಹಿರಿಮೆಯನ್ನು ಅಳೆಯಬೇಕಾದದ್ದು ಇವುಗಳಿಂದಲೇ.

ಯಲಹಂಕ ಬೆಂಗಳೂರಿಗಿಂತ ಹಳೆಯ ಆಡಳಿತ ಕೇಂದ್ರ. ಚೋಳರ ಕಾಲದ ಶಾಸನಗಳಲ್ಲಿ ಅದು ಇಲೈಪಾಕ್ಕ ನಾಡು. ಹೊಯ್ಸಳರ ಕಾಲದಲ್ಲೂ ಅದು ನಾಡಿನ ಮುಖ್ಯ ಊರಾಗಿಯೇ ಉಳಿಯಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲುಸೀಮೆ ಇದು. ಕೆಮ್ಮಣ್ಣು, ರಾಗಿ, ಹುರುಳಿ, ಹೊಂಗೆ, ಹುಣಸೆ, ಅಲ್ಲಲ್ಲಿ ಕಲ್ಲುಗುಡ್ಡ. ಹೇಳಿಕೊಳ್ಳುವಂಥ ತುಂಬು ನದಿಯಿಲ್ಲ. ಪೆನುಕೊಂಡೆಯ ಕಡೆಯಿಂದ ತೆಂಕಣಕ್ಕೆ ಹೋಗುವ ದಾರಿ ಈ ಸೀಮೆಯ ಮೂಲಕವೇ ಸಾಗುತ್ತಿದ್ದುದರಿಂದ ವರ್ತಕರೂ ದಂಡೂ ಇಲ್ಲಿ ಹಾದುಹೋಗುತ್ತಿದ್ದರು.

ಕೆಂಪೇಗೌಡರ ಪೂರ್ವಿಕರು ಈ ನೆಲಕ್ಕೆ ಹೊರಗಿನಿಂದ ಬಂದವರೆಂದು ಮನೆತನದ ಕಥೆ ಹೇಳುತ್ತದೆ. ಮೊರಸು ಒಕ್ಕಲಿಗರ ಒಂದು ಗುಂಪು ಕಂಚಿಯ ಸೀಮೆಯನ್ನು ಬಿಟ್ಟು, ರಣಭೈರೇಗೌಡರ ಮುಂದಾಳುತನದಲ್ಲಿ ಇಂದಿನ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆಯೂರಿತು. ಕಾಡು ಕಡಿದು ಹೊಲ ಮಾಡಿದ ಈ ರೈತ ಕುಟುಂಬಗಳೇ ಮುಂದೆ ಸುತ್ತಲಿನ ನಾಡುಗಳಿಗೆ ಒಡೆಯರಾದವು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಾರರು ಆವತಿಯ ಮೂಲದಿಂದಲೇ ಕವಲೊಡೆದವರು. ಯಲಹಂಕದ ಕವಲು ಜಯಗೌಡರಿಂದ ಆರಂಭವಾಗುತ್ತದೆ. ಅವರು ಸುಮಾರು 1418ರಲ್ಲಿ ವಿಜಯನಗರದ ಸಾಮಂತರಾಗಿ ಯಲಹಂಕದಲ್ಲಿ ನಿಂತರು. ಅವರ ಬಳಿಕ ಗಿಡ್ಡೇಗೌಡರು, ಅನಂತರ ಕೆಂಪನಂಜೇಗೌಡರು. ಕೆಂಪನಂಜೇಗೌಡರ ಆಳ್ವಿಕೆ ಬಹು ದೀರ್ಘವಾದದ್ದೆಂದು ವಂಶಾವಳಿ ಹೇಳುತ್ತದೆ. ಅವರ ಮತ್ತು ಲಿಂಗಾಂಬೆಯ ಮಗನೇ ಕೆಂಪೇಗೌಡ. ಅವರ ಜನನ 1510ರಲ್ಲಿ ಎಂಬುದು ರೂಢಿಯ ಎಣಿಕೆ. ಕರ್ನಾಟಕ ಸರ್ಕಾರ ಜೂನ್ 27ನ್ನು ಕೆಂಪೇಗೌಡ ಜಯಂತಿಯಾಗಿ ಆಚರಿಸುತ್ತಿದೆ.

ಬಾಲಕ ಕೆಂಪೇಗೌಡನ ವಿದ್ಯಾಭ್ಯಾಸ ನಡೆದದ್ದು ಹೆಸರಘಟ್ಟದ ಬಳಿಯ ಐವರುಕಂಡಪುರದಲ್ಲಿ, ಇಂದಿನ ಐಗೊಂಡಪುರದಲ್ಲಿ. ಅಲ್ಲಿನ ಗುರುಕುಲದಲ್ಲಿ ಒಂಬತ್ತು ವರ್ಷ ಕಲಿತರೆಂದು ಹೇಳಿಕೆಯುಂಟು. ಓದಿನ ಜೊತೆಗೆ ಕುದುರೆ ಸವಾರಿ, ಕತ್ತಿವರಸೆಯೂ ನಡೆದಿರಬೇಕು. ನಾಡಪ್ರಭುವಿನ ಮಗನಿಗೆ ಅದು ಬೇಕೇ ಬೇಕಾದ ವಿದ್ಯೆ. ಚೆನ್ನಾಂಬೆಯನ್ನು ಮದುವೆಯಾಗಿ, ತಂದೆಯ ಬಳಿಕ ಯಲಹಂಕದ ಆಡಳಿತವನ್ನು ವಹಿಸಿಕೊಂಡ ಮೇಲೆ ಅವರು ಶಿವಗಂಗೆಯನ್ನೂ ದೊಮ್ಮಲೂರನ್ನೂ ತಮ್ಮ ನಾಡಿಗೆ ಸೇರಿಸಿಕೊಂಡರು. ಇಷ್ಟು ಯಾವ ಪಾಳೆಯಗಾರನ ಚರಿತ್ರೆಯಲ್ಲೂ ಸಿಗುವ ಸಂಗತಿ. ಕೆಂಪೇಗೌಡರ ಚರಿತ್ರೆ ಬೇರೆ ದಾರಿ ಹಿಡಿಯುವುದು ಯಲಹಂಕದಲ್ಲಿ ಕುಳಿತೇ ಆಳಬಹುದಾಗಿದ್ದವರು ಹೊಸ ಊರೊಂದನ್ನು ಕಟ್ಟಲು ಹೊರಟಾಗ.

ಈ ನಿರ್ಧಾರದ ಸುತ್ತ ಬೆಳೆದ ಕಥೆ ಕನ್ನಡಿಗರಿಗೆ ಚಿರಪರಿಚಿತ. ಮಂತ್ರಿ ವೀರಣ್ಣ ಮತ್ತು ಗಿಡ್ಡೇಗೌಡ ಎಂಬ ಇನ್ನೊಬ್ಬರೊಡನೆ ಬೇಟೆಗೆ ಹೋದಾಗ ಮೊಲವೊಂದು ಬೇಟೆನಾಯಿಯನ್ನೇ ತಿರುಗಿ ಅಟ್ಟಿಸಿಕೊಂಡು ಹೋಯಿತು, ಅದು ಗಂಡುಮೆಟ್ಟಿನ ನೆಲವೆಂದು ತಿಳಿದು ಅಲ್ಲಿಯೇ ಊರು ಕಟ್ಟಿದರು ಎನ್ನುವ ಕಥೆ. ಹಂಪೆಯಿಂದ ಹಿಡಿದು ಎಷ್ಟೋ ಊರುಗಳ ಸ್ಥಳಪುರಾಣದಲ್ಲಿ ಇದೇ ಮೊಲ, ಇದೇ ನಾಯಿ ಬರುತ್ತವೆ. ನಿಜವಾದ ಕಾರಣ ನೆಲದ ಮೇಲೆಯೇ ಕಾಣುತ್ತದೆ. ಹೊಸ ಊರಿಗೆ ಆರಿಸಿದ ಜಾಗ ಈ ಪ್ರಸ್ಥಭೂಮಿಯ ನೆತ್ತಿಯಲ್ಲಿದೆ. ಅಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿಯ ಕಣಿವೆಗೆ, ಇನ್ನೊಂದು ಕಡೆ ಕೋರಮಂಗಲ, ಚಲ್ಲಘಟ್ಟದ ಕಣಿವೆಗೆ, ಮತ್ತೊಂದು ಕಡೆ ಹೆಬ್ಬಾಳದ ಕಣಿವೆಗೆ ಹರಿಯುತ್ತದೆ. ಏರಿನ ಮೇಲಿನ ಊರಿಗೆ ಪ್ರವಾಹದ ಭಯವಿಲ್ಲ; ಸುತ್ತಲಿನ ತಗ್ಗುಗಳಿಗೆ ಏರಿ ಹಾಕಿದರೆ ನೀರು ನಿಲ್ಲುತ್ತದೆ. ಹಾದುಹೋಗುವ ದಾರಿಗಳೂ ಇಲ್ಲಿ ಕೂಡುತ್ತವೆ. ಊರಿನ ಜಾಗ ಆರಿಸಿದವರು ನೆಲವನ್ನು ಬಲ್ಲ ರೈತ ಮನೆತನದವರು ಎಂಬುದನ್ನು ಇಲ್ಲಿ ಮರೆಯಬಾರದು.

ವಿಜಯನಗರದಲ್ಲಿ ಆಗ ಅಚ್ಯುತರಾಯ ಆಳುತ್ತಿದ್ದ. ಅವನ ಅನುಮತಿಯನ್ನೂ ನೆರವನ್ನೂ ಪಡೆದೇ ಕೆಲಸ ಆರಂಭವಾಯಿತು. ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕುಂಬಳಗೋಡು, ಕೆಂಗೇರಿ, ಬಾಣಾವರ ಮೊದಲಾದ ಹೋಬಳಿಗಳನ್ನು ರಾಯ ಉಂಬಳಿಯಾಗಿ ಬಿಟ್ಟುಕೊಟ್ಟನೆಂದೂ, ಅವುಗಳ ವರ್ಷದ ಹುಟ್ಟುವಳಿ 30,000 ವರಹ ಎಂದೂ ಹಳೆಯ ವೃತ್ತಾಂತಗಳು ಹೇಳುತ್ತವೆ. ಆ ಹುಟ್ಟುವಳಿಯ ಬಲದಿಂದ 1537ರಲ್ಲಿ ಮಣ್ಣಿನ ಕೋಟೆ ಎದ್ದಿತು. ಊರಿಗೆ ಬೆಂಗಳೂರೆಂಬ ಹೆಸರು ಬಂದುದಕ್ಕೂ ಉತ್ತರ ಭಾಗದ ಹಳ್ಳಿಯೇ ಕಾರಣವೆಂಬ ನಂಬಿಕೆಯುಂಟು. ಹೆಬ್ಬಾಳದ ಹತ್ತಿರ, ಕೊಡಿಗೇಹಳ್ಳಿಯ ಪಕ್ಕದಲ್ಲಿದ್ದ ಹಳೇ ಬೆಂಗಳೂರು ಕೆಂಪೇಗೌಡರ ತಾಯಿಯ ಮತ್ತು ಹೆಂಡತಿಯ ತವರು. ಆ ಹೆಸರನ್ನೇ ಹೊಸ ಊರಿಗೂ ಇಟ್ಟರು. ಹೆಸರಂತೂ ಅದಕ್ಕಿಂತ ಬಹಳ ಹಳೆಯದು: ಬೇಗೂರಿನ ಸುಮಾರು 890ರ ವೀರಗಲ್ಲಿನ ಶಾಸನದಲ್ಲಿ ಬೆಂಗುಳೂರಿನ ಕಾಳಗದ ಮಾತು ಬರುತ್ತದೆ.

ಕೋಟೆಯ ಗೋಡೆ ಮಣ್ಣಿನದು. ಅದರ ಸುತ್ತ ಕಂದಕ, ಕಂದಕದಾಚೆ ದಟ್ಟವಾದ ಮುಳ್ಳುಬೇಲಿ. ಮುಖ್ಯ ಬಾಗಿಲುಗಳು ಅವು ಎದುರಿಸುವ ಊರಿನ ಹೆಸರನ್ನೇ ಹೊತ್ತಿದ್ದವು. ಮೂಡಲಿಗೆ ಹಲಸೂರು ಬಾಗಿಲು, ಪಡುವಲಿಗೆ ಸೊಂಡೇಕೊಪ್ಪದ ಬಾಗಿಲು, ತೆಂಕಲಿಗೆ ಆನೇಕಲ್ ಬಾಗಿಲು, ಬಡಗಲಿಗೆ ಯಲಹಂಕದ ಬಾಗಿಲು. ಇಂದಿನ ಮೈಸೂರು ಬ್ಯಾಂಕ್ ವೃತ್ತದ ಆಸುಪಾಸಿನಲ್ಲಿದ್ದ ಯಲಹಂಕದ ಬಾಗಿಲಿನಿಂದ ಹೊರಟ ದಾರಿ ನಾಡಪ್ರಭುವಿನ ತವರೂರಿಗೆ ಹೋಗುತ್ತಿತ್ತು. ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿ, ಊರಿನ ನಡುವಿನಿಂದ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿ, ನೇಗಿಲಸಾಲು ಬಿದ್ದಲ್ಲಿ ಬೀದಿ ಹಾಕಿದರೆಂಬುದು ಜನ ಇಂದಿಗೂ ಹೇಳುವ ಮಾತು. ಮೂಡಲಿಂದ ಪಡುವಲಿಗೆ ಚಿಕ್ಕಪೇಟೆ, ಬಡಗಲಿಂದ ತೆಂಕಲಿಗೆ ದೊಡ್ಡಪೇಟೆ. ಇವೆರಡೂ ಕೂಡುವ ಚೌಕವೇ ದೊಡ್ಡಪೇಟೆ ಚೌಕ. ದೊಡ್ಡಪೇಟೆಗೆ ಇಂದು ಅವೆನ್ಯೂ ರಸ್ತೆ ಎಂಬ ಹೆಸರಿದೆ. ಕೃಷ್ಣರಾಜ ಮಾರುಕಟ್ಟೆಯ ಬಳಿ ಇಂದು ಕಾಣುವ ಕಲ್ಲಿನ ಕೋಟೆ ಕೆಂಪೇಗೌಡರದಲ್ಲ. ಅದಕ್ಕೆ ಈಗಿನ ರೂಪ ಬಂದದ್ದು ಹೈದರಾಲಿಯ ಕಾಲದಲ್ಲಿ, 1761ರಿಂದಾಚೆಗೆ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಹಲವರು.

ಗೋಡೆ, ಬಾಗಿಲು ಯಾವ ಪಾಳೆಯಗಾರನಾದರೂ ಕಟ್ಟಬಲ್ಲ. ಒಳಗೆ ಯಾರನ್ನು ತಂದು ಕೂರಿಸಿದರು ಎಂಬುದರಲ್ಲಿ ಕೆಂಪೇಗೌಡರ ಬುದ್ಧಿ ಕಾಣುತ್ತದೆ. ಊರನ್ನು ಕಸುಬಿನ ಪ್ರಕಾರ ಪೇಟೆಗಳಾಗಿ ವಿಂಗಡಿಸಿ, ಬೇರೆ ಬೇರೆ ಸೀಮೆಗಳಿಂದ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸಿದರು. ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ತರಗುಪೇಟೆಯಲ್ಲಿ ಧಾನ್ಯದ ಸಗಟು, ಅರಳೆಪೇಟೆಯಲ್ಲಿ ಹತ್ತಿ, ಬಳೇಪೇಟೆಯಲ್ಲಿ ಬಳೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಕುರುಬರಪೇಟೆ, ತಿಗಳರಪೇಟೆಗಳು ಅಲ್ಲಿ ನೆಲೆಸಿದವರ ಹೆಸರಿನವು. ನಗರ್ತಪೇಟೆ ನಗರ್ತ ವರ್ತಕರದು. ಎಲ್ಲ ಪೇಟೆಯೂ 1537ರಲ್ಲಿಯೇ ಹುಟ್ಟಿದ್ದಲ್ಲ. ಸುಲ್ತಾನ್‌ಪೇಟೆಯಂಥವು ಹೆಸರಿನಿಂದಲೇ ತಮ್ಮ ಕಾಲವನ್ನು ಹೇಳುತ್ತವೆ, ಕಬ್ಬನ್‌ಪೇಟೆ ಇನ್ನೂ ತಡವಾಗಿ ಬಂದದ್ದು. ಮೊದಲ ಪೇಟೆಗಳ ಮಾದರಿ ಮಾತ್ರ ಮುಂದೆ ಬಂದವರಿಗೂ ಹಾದಿಯಾಯಿತು.

ಈ ವ್ಯವಸ್ಥೆಯಲ್ಲಿ ಪೇಟೆಯೆಂಬುದು ಬೀದಿ ಮಾತ್ರವಾಗಿರಲಿಲ್ಲ. ಒಂದೊಂದು ಪೇಟೆಗೂ ಅದರದೇ ಯಜಮಾನರು, ಅದರದೇ ಗುಡಿ, ಹಬ್ಬ, ಕಟ್ಟಳೆ. ಕಸುಬಿನವರ ಜಗಳ ಪೇಟೆಯಲ್ಲಿಯೇ ತೀರುತ್ತಿತ್ತು. ತೀರದಿದ್ದರೆ ಮೇಲಕ್ಕೆ ಹೋಗುತ್ತಿತ್ತು. ಹತ್ತಿ ಬಂದರೆ ನೂಲುವವರೂ ನೇಯುವವರೂ ಬಣ್ಣ ಹಾಕುವವರೂ ಕೂಗಳತೆಯಲ್ಲಿದ್ದರು. ಎಣ್ಣೆ ತೆಗೆಯುವ ಗಾಣಿಗರು, ಮಡಕೆ ಮಾಡುವ ಕುಂಬಾರರು, ಹೂವು ತರಕಾರಿ ಬೆಳೆಯುವ ತಿಗಳರು ಒಬ್ಬರಿಗೊಬ್ಬರು ಬೇಕಾಗಿ ಬದುಕಿದರು. ಹೀಗೆ ಕೂಡಿ ಬಾಳುವ ಊರಿಗೆ ಒಡೆಯ ಬದಲಾದರೂ ಕಸುಬು ನಿಲ್ಲುವುದಿಲ್ಲ. ಬೆಂಗಳೂರು ಮುಂದೆ ಬಿಜಾಪುರದವರ ಕೈಗೆ, ಮೊಘಲರ ಕೈಗೆ, ಮೈಸೂರಿನ ಕೈಗೆ, ಇಂಗ್ಲಿಷರ ಕೈಗೆ ಹೋಯಿತು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ದಂಡು ಹಲಸೂರು ಬಾಗಿಲನ್ನು ಒಡೆದು ಪೇಟೆಯೊಳಗೆ ನುಗ್ಗಿತು. ಒಂಬತ್ತು ವರ್ಷದ ಬಳಿಕ, 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಬಂದು ನೋಡುವಾಗ ಅಲ್ಲಿ ಮಗ್ಗಗಳಿದ್ದವು, ನೇಕಾರರಿದ್ದರು, ವ್ಯಾಪಾರ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಧಾನ್ಯ, ಈರುಳ್ಳಿ, ಆಲೂಗಡ್ಡೆಯ ದೊಡ್ಡ ಸಗಟು ವಹಿವಾಟು ಇತ್ತೀಚಿನ ದಶಕಗಳಲ್ಲಿ ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಬೆಳೆದಿದ್ದರೂ ಚಿಕ್ಕಪೇಟೆಯ ಜವಳಿಗೆ, ಅವೆನ್ಯೂ ರಸ್ತೆಯ ಅಂಗಡಿಸಾಲಿಗೆ ಇಂದಿಗೂ ಬಿಡುವಿಲ್ಲ.

ಊರು ಕಟ್ಟಿದ ಕಥೆಯಲ್ಲಿ ಲಕ್ಷ್ಮಮ್ಮನ ಹೆಸರು ಬರುತ್ತದೆ. ತೆಂಕಣ ಬಾಗಿಲು ಎಷ್ಟು ಸಲ ನಿಲ್ಲಿಸಿದರೂ ಬೀಳುತ್ತಿತ್ತು. ಬಲಿ ಬೇಕೆಂದು ಹೇಳಿದಾಗ ಕೆಂಪೇಗೌಡರು ಒಪ್ಪಲಿಲ್ಲ. ಅವರ ಸೊಸೆ ಲಕ್ಷ್ಮಮ್ಮ ರಾತ್ರಿಯಲ್ಲಿ ತಾನೇ ಹೋಗಿ ಪ್ರಾಣ ಕೊಟ್ಟಳು ಎಂಬುದು ಆ ಕಥೆ. ಕೋರಮಂಗಲದಲ್ಲಿ ಆಕೆಯ ಹೆಸರಿನ ಗುಡಿಯಿದೆ. ಕೋಟೆಗೆ ಕೆರೆಗೆ ಹೆಣ್ಣನ್ನು ಹಾರವಾಗಿ ಕೊಟ್ಟ ಕಥೆಗಳು ಕನ್ನಡ ಜನಪದದಲ್ಲಿ ಹೇರಳ. ಚರಿತ್ರೆಯೆಂದು ಇದನ್ನು ಒಪ್ಪಿಸುವುದು ಕಷ್ಟ. ಆದರೆ ದೊಡ್ಡ ಕಟ್ಟಡಗಳ ಹಿಂದೆ ಬೆಲೆ ತೆತ್ತ ಹೆಣ್ಣುಮಕ್ಕಳ ಬಾಳು ಇದ್ದುದನ್ನು ಊರು ಮರೆಯಲು ಒಪ್ಪಲಿಲ್ಲ ಎಂಬುದಕ್ಕೆ ಆ ಗುಡಿ ಸಾಕ್ಷಿ.

ಪೇಟೆಗಿಂತಲೂ ಕಷ್ಟದ ಕೆಲಸ ನೀರಿನದು. ಸಾವಿರಾರು ಜನರನ್ನು ಒಂದು ಗೋಡೆಯೊಳಗೆ ತಂದು ಕೂರಿಸಿದ ಮೇಲೆ ಅವರಿಗೆ ವರ್ಷವಿಡೀ ನೀರು ಬೇಕು. ಹತ್ತಿರದಲ್ಲಿ ಬತ್ತದ ಹೊಳೆಯಿಲ್ಲ. ಕೆಂಪೇಗೌಡರೂ ಅವರ ಮನೆತನದವರೂ ಕಂಡುಕೊಂಡ ದಾರಿ ಕೆರೆ. ಪಡುವಲ ಕಡೆ ಧರ್ಮಾಂಬುಧಿ, ನೈರುತ್ಯದಲ್ಲಿ ಗವಿಪುರದ ಬಳಿ ಕೆಂಪಾಂಬುಧಿ, ಮೂಡಲ ಕಡೆ ಸಂಪಂಗಿ ಕೆರೆ. ಇವುಗಳಲ್ಲಿ ಯಾವುದು ಹಿರಿಯ ಕೆಂಪೇಗೌಡರದು, ಯಾವುದು ಮಗನ ಕಾಲದ್ದು ಎಂಬುದರಲ್ಲಿ ಬರೆದವರೆಲ್ಲ ಒಮ್ಮತಕ್ಕೆ ಬಂದಿಲ್ಲ. ಹೆಬ್ಬಾಳದ ಕೆರೆಯನ್ನೂ 1537ರ ಕೆಲಸಗಳ ಜೊತೆ ಹೆಸರಿಸುವ ರೂಢಿಯಿದೆ.

ಬಯಲುಸೀಮೆಯ ಕೆರೆ ಒಂಟಿಯಾಗಿ ಬದುಕುವುದಿಲ್ಲ. ಕಣಿವೆಯ ಮೇಲ್ಭಾಗದಲ್ಲಿ ಒಂದು ಏರಿ, ಅದರ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಗೆ, ಅದು ತುಂಬಿ ಅದರ ಕೆಳಗಿನದಕ್ಕೆ. ಯಲಹಂಕದ ಕೆರೆ ತುಂಬಿದರೆ ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ ನೀರು. ಹೆಬ್ಬಾಳದ ನೀರು ನಾಗವಾರ, ಕಲ್ಕೆರೆಗಳನ್ನು ಹಾದು ಯಲೆಮಲ್ಲಪ್ಪಶೆಟ್ಟಿ ಕೆರೆ ಸೇರಿ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ಮುರಿದರೆ ಮೇಲಿನ ಊರಿಗೆ ನೆರೆ, ಕೆಳಗಿನ ಊರಿಗೆ ಬರ. ಏರಿಯ ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂಬುದು ನೀರುಗಂಟಿಯ ಕೆಲಸ. ಬೇಸಿಗೆಯಲ್ಲಿ ಹೂಳೆತ್ತುವುದು ಊರವರ ಕೆಲಸ. ಆ ಹೂಳೇ ಹೊಲಕ್ಕೆ ಗೊಬ್ಬರ. ಕೆರೆ ಕಟ್ಟಿದವರಿಗೂ ಉಳಿಸಿದವರಿಗೂ ಭೂಮಿ ಬಿಟ್ಟುಕೊಡುವ ಕಟ್ಟುಕೊಡಗೆ, ದಶವಂದದ ಪದ್ಧತಿ ಕನ್ನಡ ನಾಡಿನ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಯಲಹಂಕದ ಗೌಡರು ಈ ಪದ್ಧತಿಯನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಹಳ್ಳಿಯ ಗದ್ದೆಗಾಗಿ ಬೆಳೆದ ವಿದ್ಯೆಯನ್ನು ಅವರು ಒಂದು ವ್ಯಾಪಾರಿ ಪಟ್ಟಣದ ಕುಡಿಯುವ ನೀರಿಗೆ ಹೊಂದಿಸಿದರು. ಇದೇ ಅವರ ಸಾಧನೆ, ಮತ್ತು ಇದು ಸಣ್ಣದಲ್ಲ.

ಈ ಏರ್ಪಾಡು ಎಷ್ಟು ಗಟ್ಟಿಯಾಗಿತ್ತೆಂದರೆ ಮೂರೂವರೆ ಶತಮಾನ ಊರಿಗೆ ಬೇರೆ ದೊಡ್ಡ ನೀರಿನ ಯೋಜನೆ ಬೇಕಾಗಲಿಲ್ಲ. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ತಂದದ್ದು 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಕೊಳವೆಯ ನೀರು ಬಂದ ಮೇಲೆ ಕೆರೆಗಳ ಗೌರವ ಇಳಿಯಿತು. ಧರ್ಮಾಂಬುಧಿ ಬತ್ತಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತುವವರು ನಿಂತಿರುವುದು ಕೆರೆಯಂಗಳದಲ್ಲಿ; ಆ ನಿಲ್ದಾಣಕ್ಕೆ ಇಟ್ಟಿರುವುದು ಕೆಂಪೇಗೌಡರ ಹೆಸರನ್ನೇ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆಂಪಾಂಬುಧಿ ಸೊರಗಿದರೂ ಉಳಿದಿದೆ. ಉತ್ತರ ಭಾಗದಲ್ಲಿ ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳದ ಕೆರೆಗಳು ಕೆರೆಗಳಾಗಿಯೇ ಇವೆ. ಜಕ್ಕೂರಿನಲ್ಲಿ ಕೊಳಚೆನೀರನ್ನು ಶುದ್ಧೀಕರಿಸಿ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ವ್ಯವಸ್ಥೆ ದೇಶದ ಗಮನ ಸೆಳೆದಿದೆ. ಕೆಂಪೇಗೌಡರ ಹೆಸರಿನ ಸ್ಮಾರಕಗಳ ಪಟ್ಟಿಯಲ್ಲಿ ಈ ಕೆರೆಗಳು ಸೇರದಿರುವುದು ನ್ಯಾಯವಲ್ಲ. ಅವರಿಗೆ ಅತ್ಯಂತ ಹತ್ತಿರದ ಸ್ಮಾರಕಗಳು ಇವೇ.

ದೇವಾಲಯಗಳ ವಿಷಯದಲ್ಲಿ ಕೆಂಪೇಗೌಡರದು ಧಾರಾಳವಾದ ಕೈ. ಗವಿ ಗಂಗಾಧರೇಶ್ವರ, ಬಸವನಗುಡಿಯ ದೊಡ್ಡ ಬಸವ, ಹಲಸೂರಿನ ಸೋಮೇಶ್ವರ ಗುಡಿಗಳ ನಿರ್ಮಾಣ ಅಥವಾ ಜೀರ್ಣೋದ್ಧಾರಕ್ಕೆ ಅವರ ಮನೆತನದ ಹೆಸರು ತಳುಕು ಹಾಕಿಕೊಂಡಿದೆ. ಮನೆತನದ ಹಿರಿಯರ ದೈವ ಭೈರವ. ಮುಂದೆ ಶೈವ ಭಕ್ತಿ ಬಲವಾಯಿತು. ಶಿವಗಂಗೆಯ ಗಂಗಾಧರೇಶ್ವರನ ಮೇಲಂತೂ ಅವರಿಗೆ ವಿಶೇಷ ಭಕ್ತಿ. ವಿದ್ವಾಂಸರಿಗೆ ಅಗ್ರಹಾರಗಳನ್ನು ಬಿಟ್ಟುಕೊಟ್ಟರು. ಗಂಗಾಗೌರಿ ವಿಲಾಸ ಎಂಬ ತೆಲುಗು ಯಕ್ಷಗಾನ ಅವರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಕನ್ನಡ ತೆಲುಗು ತಮಿಳು ಮೂರೂ ನುಡಿಯವರು ಕೂಡುವ ಗಡಿಸೀಮೆಯ ಮುಖಂಡರಿಗೆ ತೆಲುಗು ಪರಕೀಯವಾಗಿರಲಿಲ್ಲ.

ತಮ್ಮ ಕುಲದೊಳಗಿನ ಒಂದು ಕ್ರೂರ ಪದ್ಧತಿಯ ವಿರುದ್ಧ ಅವರು ನಿಂತರೆಂಬ ನೆನಪೂ ಬಲವಾಗಿದೆ. ಮೊರಸು ಒಕ್ಕಲಿಗರಲ್ಲಿ ಬಂಡಿ ದೇವರ ಪೂಜೆಯ ಸಮಯದಲ್ಲಿ ಹೆಣ್ಣುಮಕ್ಕಳ ಎಡಗೈಯ ಕೊನೆಯ ಎರಡು ಬೆರಳುಗಳನ್ನು ತುಂಡರಿಸುವ ಆಚರಣೆಯಿತ್ತು. ಕೆಂಪೇಗೌಡರು ಅದನ್ನು ನಿಷೇಧಿಸಿದರು ಎನ್ನುತ್ತಾರೆ. ಆಚರಣೆ ಅಲ್ಲಿಗೇ ಅಳಿಯಲಿಲ್ಲ. ಎರಡೂವರೆ ಶತಮಾನದ ಬಳಿಕ ಬುಕಾನನ್ ಈ ಸೀಮೆಯಲ್ಲಿ ಸಂಚರಿಸುವಾಗಲೂ ಅದರ ವಿವರವನ್ನು ಬರೆದುಕೊಂಡಿದ್ದಾನೆ; ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಗ್ರಂಥಗಳಲ್ಲೂ ಅದರ ಪ್ರಸ್ತಾಪವಿದೆ. ಇದರಿಂದ ನಾಡಪ್ರಭುವಿನ ಗೌರವ ಕುಗ್ಗುವುದಿಲ್ಲ. ಬೇರೆಯವರ ಕುಲಾಚಾರವನ್ನು ಟೀಕಿಸುವುದು ಸುಲಭ. ತನ್ನ ಬಂಧುಗಳ, ತನ್ನ ಬಲಕ್ಕೆ ಆಧಾರವಾದವರ ಆಚಾರಕ್ಕೆ ಬೇಡ ಎನ್ನಲು ಎದೆಗಾರಿಕೆ ಬೇಕು. ಜಾತಿಯ ಕಟ್ಟು ಒಬ್ಬ ಮುಖಂಡನ ಆಜ್ಞೆಗಿಂತ ಗಟ್ಟಿಯಾಗಿತ್ತು ಎಂಬುದನ್ನಷ್ಟೆ ಈ ಮುಂದಿನ ಚರಿತ್ರೆ ತೋರಿಸುತ್ತದೆ.

ಊರು ಬೆಳೆದಂತೆ ಅದನ್ನು ಕಟ್ಟಿದವರಿಗೆ ತೊಂದರೆಯೂ ಬಂತು. ವ್ಯಾಪಾರ ಹೆಚ್ಚಿದ ಪೇಟೆಗೆ ನಾಣ್ಯ ಬೇಕು. ಕೆಂಪೇಗೌಡರು ಭೈರವನ ಹೆಸರಿನ ನಾಣ್ಯವನ್ನು ಟಂಕಿಸಿದರು. ಟಂಕಿಸುವ ಹಕ್ಕು ಚಕ್ರವರ್ತಿಯದು. ಸಾಮಂತ ಅದಕ್ಕೆ ಕೈ ಹಾಕಿದರೆ ಸ್ವತಂತ್ರನಾಗಲು ಹೊರಟನೆಂದೇ ಅರ್ಥ. ವಿಜಯನಗರದಲ್ಲಿ ಆಗ ಅಧಿಕಾರ ಅಳಿಯ ರಾಮರಾಯನ ಕೈಯಲ್ಲಿತ್ತು. ಅವನು ಕೆಂಪೇಗೌಡರನ್ನು ಕರೆಸಿ ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟ; ಅವರ ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡ. ಐದು ವರ್ಷದ ಸೆರೆವಾಸದ ಬಳಿಕ ದಂಡ ತೆತ್ತು ಬಿಡುಗಡೆ ಹೊಂದಿ, ನಾಡನ್ನು ಮರಳಿ ಪಡೆದರು. ನೆರೆಯ ಪಾಳೆಯಗಾರರ ಅಸೂಯೆಯ ಚಾಡಿಮಾತೂ ಇದಕ್ಕೆ ಕಾರಣವೆಂದು ಹೇಳುವವರಿದ್ದಾರೆ. ನಾಡಪ್ರಭು ಊರಿನಲ್ಲಿಲ್ಲದ ಆ ಐದು ವರ್ಷ ಬೆಂಗಳೂರು ಚದುರಿ ಹೋಗಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅವರು ಹಾಕಿದ ತಳಪಾಯ ಅವರಿಲ್ಲದೆಯೂ ನಿಲ್ಲುವಂತಿತ್ತು. 1565ರ ತಾಳಿಕೋಟೆಯ ಯುದ್ಧದಲ್ಲಿ ರಾಮರಾಯ ಸತ್ತು, ವಿಜಯನಗರದ ರಾಜಧಾನಿ ಪೆನುಕೊಂಡೆಗೆ ಸರಿಯಿತು. ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಅವರ ಬಳಿಕ ಮಗ ಇಮ್ಮಡಿ ಕೆಂಪೇಗೌಡರು ಆಳಿದರು. ಬೆಂಗಳೂರಿನ ನಾಲ್ಕು ದಿಕ್ಕಿನ ಗಡಿಗೋಪುರಗಳು ಇಮ್ಮಡಿಯ ಕಾಲದವು, ಸುಮಾರು 1597ರವು ಎಂಬುದು ಹೆಚ್ಚಿನ ಬರಹಗಾರರ ಅಭಿಪ್ರಾಯ. ಜನಸಾಮಾನ್ಯರ ಬಾಯಲ್ಲಿ ಅವು ಹಿರಿಯರದೇ. ಒಂದು ಲಾಲ್‌ಬಾಗಿನ ಬಂಡೆಯ ಮೇಲೆ, ಒಂದು ಕೆಂಪಾಂಬುಧಿಯ ಏರಿಯ ಬಳಿ, ಒಂದು ಹಲಸೂರು ಕೆರೆಯ ಪಕ್ಕದಲ್ಲಿ. ಬಡಗಣದ ಗೋಪುರ ಮೇಖ್ರಿ ವೃತ್ತದ ಬಳಿಯ ಉದ್ಯಾನದಲ್ಲಿದೆ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕಗಳ ಕಡೆಗೆ ಹೋಗುವ ವಾಹನಗಳು ದಿನವಿಡೀ ಅದರ ಪಕ್ಕದಲ್ಲೇ ಸಾಗುತ್ತವೆ. ಊರು ಬೆಳೆದರೂ ಇಷ್ಟರ ಒಳಗಿರಲಿ ಎಂದು ಹಾಕಿದ ಗುರುತು ಅದೆಂದು ಪ್ರತೀತಿ. ಇಂದು ಆ ಗುರುತಿನಿಂದ ಬಡಗಲಿಗೆ ಮೈಲಿಗಟ್ಟಲೆ ಬೆಂಗಳೂರೇ ಇದೆ. ನಾಡಪ್ರಭುವಿನ ಯಲಹಂಕ 2007ರವರೆಗೆ ತನ್ನದೇ ನಗರಸಭೆಯನ್ನು ಹೊಂದಿತ್ತು. ಆ ವರ್ಷ ಬ್ಯಾಟರಾಯನಪುರ ಮೊದಲಾದವುಗಳ ಜೊತೆ ಅದನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಹೆತ್ತ ಊರು ಹುಟ್ಟಿದ ಊರಿನೊಳಗೆ ಹೀಗೆ ಲೀನವಾಯಿತು.

1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಮತ್ತು ಷಹಾಜಿಯ ದಂಡು ಬೆಂಗಳೂರನ್ನು ಗೆದ್ದುಕೊಂಡಿತು. ಗೌಡರ ಮನೆತನ ಮಾಗಡಿಗೆ, ಸಾವನದುರ್ಗದ ಆಸರೆಗೆ ಸರಿಯಿತು. ಬೆಂಗಳೂರು 1687ರಲ್ಲಿ ಮೊಘಲರ ವಶವಾಗಿ, ಅವರಿಂದ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. 1728ರಲ್ಲಿ ಮೈಸೂರಿನ ದಳವಾಯಿ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದಾಗ ಈ ಮನೆತನದ ಕೊನೆಯ ಪ್ರಭು ಶ್ರೀರಂಗಪಟ್ಟಣದ ಸೆರೆಗೆ ಹೋದರು. ಜಯಗೌಡರಿಂದ ಲೆಕ್ಕ ಹಿಡಿದರೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಕೆಂಪೇಗೌಡರ ಬದುಕಿನ ವಿವರಗಳಲ್ಲಿ ಹೆಚ್ಚಿನವು ನಮಗೆ ತಲುಪಿರುವುದು ನಂತರದ ಕಾಲದ ವಂಶಾವಳಿ, ಕೈಫಿಯತ್ತು, ಜನರ ಬಾಯಿಮಾತು ಮತ್ತು ಬಿ. ಎಲ್. ರೈಸ್ ಅವರಂಥವರ ಗೆಜೆಟಿಯರುಗಳಿಂದ. ಕಲ್ಲು ಲೋಹಗಳ ಸಾಕ್ಷಿ ಕಡಿಮೆ. ಅದರಿಂದಲೇ ಅದರ ಬೆಲೆ ಹೆಚ್ಚು. ಶಿವಗಂಗೆಯ ಗಂಗಾಧರೇಶ್ವರ ಗುಡಿಯಲ್ಲಿ 1609ರಲ್ಲಿ ಇರಿಸಿದ ಅವರ ಲೋಹದ ಪ್ರತಿಮೆಯಿದೆ. ಕೈಮುಗಿದ ಭಕ್ತನ ರೂಪ ಅದು. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಸಮಾಧಿಯನ್ನು ಅದರ ಬರಹದ ಆಧಾರದಿಂದ ಹಿರಿಯ ಕೆಂಪೇಗೌಡರದೆಂದು ಸಂಶೋಧಕರು ಗುರುತಿಸಿದರು. ಇನ್ನು ಕೆಂಪೇಗೌಡರಿಗೂ ಎಂಟು ಶತಮಾನ ಹಿಂದಿನ ಮುಂದಾಳೊಬ್ಬರ ಹೆಸರು ಹೆಬ್ಬಾಳದಲ್ಲಿಯೇ ಸಿಕ್ಕಿದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ವೀರಗಲ್ಲೊಂದು 2018ರಲ್ಲಿ ಅಲ್ಲಿ ಬೆಳಕಿಗೆ ಬಂತು. ಪೆರ್ಬೊಳಲ್ ನಾಡಿನ ಮೇಲೆ ರಟ್ಟರ ದಾಳಿಯಾದಾಗ ಕಾದಿ ಮಡಿದ ಕಿತ್ತಯ್ಯನ ಸ್ಮರಣೆಯ ಕಲ್ಲು ಅದು. ನಾಡಿಗಾಗಿ ನಿಲ್ಲುವ ಸ್ಥಳೀಯ ಮುಖಂಡರ ಪರಂಪರೆ ಈ ಬಡಗಣ ಭಾಗದಲ್ಲಿ ಕೆಂಪೇಗೌಡರಿಂದ ಆರಂಭವಾದದ್ದಲ್ಲ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಆಧುನಿಕ ಬೆಂಗಳೂರು ಕೆಂಪೇಗೌಡರಿಗೆ ಸಲ್ಲಿಸಿದ ಗೌರವ ಹಂತಹಂತವಾಗಿ ಬೆಳೆಯಿತು. 1964ರಲ್ಲಿ ನಗರಪಾಲಿಕೆಯ ಕಚೇರಿಯ ಮುಂದೆ ಪ್ರತಿಮೆ ನಿಂತಿತು. ಪಾಲಿಕೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತ ಬಂತು. ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡ ನಿಲ್ದಾಣವೆಂದು ಹೆಸರಿಡಲಾಯಿತು. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2013ರಲ್ಲಿ ಕೆಂಪೇಗೌಡರ ಹೆಸರು ಪಡೆಯಿತು. ಅವರ ಪೂರ್ವಿಕರು ಬಂದು ಇಳಿದ ಆವತಿ ಅದೇ ತಾಲ್ಲೂಕಿನಲ್ಲಿದೆ. ವಿಮಾನ ನಿಲ್ದಾಣದ ಆವರಣದಲ್ಲಿ 2022ರ ನವೆಂಬರ್ 11ರಂದು ಶಿಲ್ಪಿ ರಾಮ್ ಸುತಾರ್ ರೂಪಿಸಿದ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಅದಕ್ಕೆ 98 ಟನ್ ಕಂಚು, 120 ಟನ್ ಉಕ್ಕು ಬಳಕೆಯಾಗಿದೆ. ಕೈಯಲ್ಲಿ ಖಡ್ಗವಿದೆ. ಕಂದಾಯ, ಕೆರೆ, ಕಸುಬು, ಪೇಟೆಗಳ ಲೆಕ್ಕದಲ್ಲಿ ಬಾಳಿದವರ ಕೈಗೆ ಖಡ್ಗಕ್ಕಿಂತ ನೇಗಿಲು ಹೆಚ್ಚು ಒಪ್ಪುತ್ತಿತ್ತು ಎಂದು ಅನಿಸದಿರದು.

ಹಿರಿಯ ಕೆಂಪೇಗೌಡರ ಚರಿತ್ರೆಯಲ್ಲಿ ತುಂಬಬೇಕಾದ ಜಾಗಗಳು ಇನ್ನೂ ಇವೆ, ಮತ್ತು ಅವನ್ನು ತುಂಬಬಲ್ಲ ಕಲ್ಲುಗಳು ಯಲಹಂಕ, ಜಕ್ಕೂರು, ಕೊಡಿಗೇಹಳ್ಳಿ, ಹೆಬ್ಬಾಳ, ಯಶವಂತಪುರಗಳ ನೆಲದಲ್ಲೇ ಸಿಗಬಹುದು. ಈ ಭಾಗದಲ್ಲಿ ದಿನಬೆಳಗಾದರೆ ಮನೆಗೆ, ರಸ್ತೆಗೆ, ಮೋರಿಗೆ ಪಾಯ ತೋಡಲಾಗುತ್ತಿದೆ. ಅಕ್ಷರವೋ ಕೆತ್ತನೆಯೋ ಇರುವ ಕಲ್ಲು ಕಂಡರೆ ಒಡೆಯದೆ, ಸುಣ್ಣಬಣ್ಣ ಬಳಿಯದೆ, ಗೋಡೆಗೆ ಸೇರಿಸದೆ, ಪುರಾತತ್ವ ಇಲಾಖೆಗೆ ಅಥವಾ ಶಾಸನ ಓದಬಲ್ಲವರಿಗೆ ಕೂಡಲೇ ತಿಳಿಸಬೇಕೆಂದು ಉತ್ತರ ಬೆಂಗಳೂರಿನ ನಿವಾಸಿಗಳಲ್ಲಿ ವಿನಂತಿ.